ನಲವತ್ತೊಂದನೆಯ ಹಲ್ಲಿ

ನಮ್ಮ ಊರಿನಲ್ಲಿ ಬಾಯಿಂದ ಹೊರಬಿದ್ದ ಮಾತ್ರಕ್ಕೆ ಮಾತು ಮಾತಾಗುವುದಿಲ್ಲ. ಗೋಡೆಯ ಮೇಲಿನ ಹಲ್ಲಿ ಲೊಚ್ ಎನ್ನಬೇಕು, ಕೇಳಿದವರು ನೆಲವನ್ನೋ ಮೇಜನ್ನೋ ಮೂರು ಸಲ ತಟ್ಟಬೇಕು, ಆಮೇಲೆ ಅದು ನಿಜ. ಅಲ್ಲಿಯವರೆಗೆ ಬರೀ ಗಾಳಿ. ಬೇರೆ ಊರುಗಳಲ್ಲೂ ಹಲ್ಲಿ ಲೊಚಗುಟ್ಟಿದರೆ ಅಜ್ಜಿಯರು ನೆಲ ತಟ್ಟುತ್ತಾರೆಂದು ಕೇಳಿದ್ದೇನೆ. ಅಲ್ಲಿ ಅದು ಅಜ್ಜಿಯರ ಅಭ್ಯಾಸ, ನಮ್ಮಲ್ಲಿ ಕಚೇರಿಯ ಕಾನೂನು.

ಕಾನೂನು ಇದ್ದ ಮೇಲೆ ಜನ ಹೊಂದಿಕೊಳ್ಳುತ್ತಾರೆ. ಹಗಲಿನಲ್ಲಿ ಹಲ್ಲಿ ಸಿಗುವುದಿಲ್ಲವಾದ್ದರಿಂದ ನಮ್ಮ ಕಚೇರಿಗಳು ದೀಪ ಹಚ್ಚುವ ಹೊತ್ತಿಗೆ ತೆರೆದು ಊಟದ ಹೊತ್ತಿಗೆ ಮುಚ್ಚುತ್ತವೆ. ಪ್ರತಿ ಮನೆಯಲ್ಲೂ ಗೋಡೆಗೆ ನಾಲ್ಕಾರು ಫೋಟೋಗಳನ್ನು ಓರೆಯಾಗಿ ತೂಗುಹಾಕುತ್ತಾರೆ, ಹಿಂದುಗಡೆ ಹಲ್ಲಿಗೆ ಜಾಗ ಇರಲೆಂದು. ಸ್ವಂತ ಹಿರಿಯರು ಸಾಲದೆ ಹೋದವರು ಸಂತೆಯಲ್ಲಿ ಕಂಡವರ ಹಿರಿಯರನ್ನು ಕೊಂಡು ತರುತ್ತಾರೆ. ನಮ್ಮ ನಡುಮನೆಯಲ್ಲೂ ಪೇಟ ಕಟ್ಟಿದ ಒಬ್ಬ ಅಜ್ಜ ಇದ್ದಾನೆ. ಯಾರೋ ಗೊತ್ತಿಲ್ಲ, ಆದರೆ ಹಬ್ಬಕ್ಕೆ ಅವನಿಗೆ ಹೂವು ತಪ್ಪಿಲ್ಲ. ಚುನಾವಣೆಗೆ ನಿಂತವರು ದೊಡ್ಡ ಮೋರಿಯ ಪಕ್ಕದ ದೀಪದ ಕಂಬದ ಕೆಳಗೇ ಭಾಷಣ ಮಾಡುವುದು. ಮೋರಿಗೆ ಹುಳ, ಹುಳಕ್ಕೆ ಹಲ್ಲಿ, ಹಲ್ಲಿಯಿಂದ ಲೊಚ್. ಅಲ್ಲಿ ನಿಂತು ಏನು ಹೇಳಿದರೂ ಐದು ನಿಮಿಷದಲ್ಲಿ ನಿಜವಾಗುತ್ತದೆ. ಒಂದೇ ಮಂಕು ಬಲ್ಬಿರುವ ಕೆಳಗೇರಿಯವರು ಮಾತ್ರ "ನಮ್ಮ ಎಮ್ಮೆ ಕಳೆದಿದೆ" ಎಂಬ ಒಂದು ಮಾತು ನಿಜವಾಗಲು ವಾರಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಎಮ್ಮೆ ತಾನೇ ಬಂದು ಕೊಟ್ಟಿಗೆಯಲ್ಲಿ ನಿಂತಿರುತ್ತದೆ. ಅದು ಬಂದದ್ದಕ್ಕೆ ಇನ್ನೊಂದು ಲೊಚ್ ಆಗಬೇಕು.

ನಾನು, ಚನ್ನವೀರ, ಊರಿನ ನೋಂದಣಿ ಕಚೇರಿಯಲ್ಲಿ ವೇಳೆ ಗುಮಾಸ್ತ. ಗಡಿಯಾರದ ಕೆಳಗೆ ಕೂತು, ಯಾರ ಮಾತಿಗೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಯಾವ ಗೋಡೆಯಿಂದ ಲೊಚ್ ಆಯಿತು ಎಂದು ಬರೆದುಕೊಳ್ಳುವುದು ನನ್ನ ಕೆಲಸ. ಕೆಲಸ ಸುಲಭ, ನಿಯಮ ಕಷ್ಟ. ಒಂದು ಮಾತು ಹೇಳಿದ ಮೇಲೆ ಹಲ್ಲಿ ನುಡಿಯುವವರೆಗೆ ಯಾರೂ ಇನ್ನೊಂದು ಮಾತು ಆಡಕೂಡದು, ಆಡಿದರೆ ಲೊಚ್ ಕೊನೆಯ ಮಾತಿಗೆ ಸೇರಿಬಿಡುತ್ತದೆ. ಕಂಬಳಿ ವ್ಯಾಪಾರದ ಬಸಣ್ಣ ತನ್ನ ಮನೆಯನ್ನು ತಮ್ಮನ ಹೆಸರಿಗೆ ಬರೆಸಲು ಬಂದು, "ಮನೆ ತಮ್ಮನಿಗೆ ಕೊಟ್ಟಿದ್ದೀನಿ" ಎಂದು ಹೇಳಿ ಮುಕ್ಕಾಲು ಗಂಟೆ ಬಾಯಿ ಬಿಗಿಹಿಡಿದು ಕೂತಿದ್ದ. ಕೊನೆಗೆ ತಡೆಯಲಾರದೆ "ಥೂ, ಕಾಲು ಜೋಮು ಹಿಡೀತು" ಎಂದ. ಲೊಚ್. ಬಸಣ್ಣನವರ ಕಾಲು ಜೋಮು ಹಿಡಿದಿರುವುದು ನಿಜವೆಂದು ಮೊಹರು ಬಿದ್ದ ಪತ್ರ ಇಂದಿಗೂ ಅವನ ಪೆಟ್ಟಿಗೆಯಲ್ಲಿದೆ. ಮನೆ ಯಾರದೆಂದು ಇಂದಿಗೂ ಗೊತ್ತಿಲ್ಲ.

ನನ್ನ ಬಗ್ಗೆ ಇನ್ನೊಂದು ಸಂಗತಿ ಹೇಳಬೇಕು. ಕಾಲೇಜಿನಲ್ಲಿ ನಾನು ಪರೀಕ್ಷೆಯಲ್ಲಿ ಮೂರನೇ ದರ್ಜೆ, ಮಿಮಿಕ್ರಿಯಲ್ಲಿ ಮೊದಲನೇ ದರ್ಜೆ. ಪ್ರಿನ್ಸಿಪಾಲರ ಕೆಮ್ಮು, ಕುಕ್ಕರಿನ ಸೀಟಿ, ಸ್ಟಾರ್ಟ್ ಆಗದ ಸ್ಕೂಟರು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ನಾಲಿಗೆಯನ್ನು ಬಲಗಡೆಯ ದವಡೆ ಹಲ್ಲಿಗೆ ಒತ್ತಿ, ಕೆನ್ನೆಯನ್ನು ಒಳಗೆಳೆದು ಪಟ್ಟನೆ ಬಿಟ್ಟರೆ ಹಲ್ಲಿ. ಹಲ್ಲಿಗೆ ಹಲ್ಲೇ ತವರುಮನೆ. ಆದರೆ ಇದನ್ನು ಮಾತ್ರ ನಾನು ವೇದಿಕೆಯ ಮೇಲೆ ಮಾಡಿದವನಲ್ಲ. ನಮ್ಮೂರಿನಲ್ಲಿ ಹಲ್ಲಿಯ ದನಿ ಮಾಡುವುದೆಂದರೆ ಬೇರೆ ಊರಿನಲ್ಲಿ ಮನೆಯಲ್ಲೇ ನೋಟು ಅಚ್ಚು ಹಾಕಿದಂತೆ.

ಮೊದಲ ನೋಟು ಅಚ್ಚಾದದ್ದು ನನ್ನ ನಿಶ್ಚಿತಾರ್ಥದಲ್ಲಿ. ಹುಡುಗಿ ಶಾಂಭವಿ. ಅವಳ ತಂದೆ ರುದ್ರಯ್ಯ ಮಾಸ್ತರು, ನಿವೃತ್ತ ಹೆಡ್‌ಮಾಸ್ತರು, ಕರೆಂಟಿನ ವಿಷಯದಲ್ಲಿ ಬಲು ಬಿಗಿ. ಇಡೀ ಪಡಸಾಲೆಗೆ ಒಂದು ಝೀರೋ ಬಲ್ಬು. ನಮ್ಮಲ್ಲಿ ನಿಶ್ಚಿತಾರ್ಥದ ದಿನ ಗಂಡು ತಾನೇ ಯೋಚಿಸಿದ ಒಂದು ಮಾತು ಹೇಳಬೇಕು, ಅದಕ್ಕೆ ಲೊಚ್ ಆಗಬೇಕು, ಆಮೇಲೇ ಎಲೆ ಅಡಿಕೆ. ನಾನು ಎದ್ದು ನಿಂತು, "ಶಾಂಭವಿ ಜೊತೆಗಿದ್ದರೆ ನನಗೆ ಬೇರೇನೂ ಬೇಡ" ಎಂದೆ. ಹೇಳಿ ಗೋಡೆ ನೋಡಿದೆ. ಗೋಡೆ ನನ್ನನ್ನು ನೋಡಿತು. ಆ ಬೆಳಕಿಗೆ ಒಂದು ಸೊಳ್ಳೆಯೂ ಬರುವಂತಿರಲಿಲ್ಲ, ಹಲ್ಲಿ ಎಲ್ಲಿಂದ ಬರಬೇಕು? ಹತ್ತು ನಿಮಿಷ, ಇಪ್ಪತ್ತು ನಿಮಿಷ. ಸೋದರಮಾವಂದಿರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಶಾಂಭವಿ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದಳು. ನನ್ನ ನಾಲಿಗೆ ತಾನಾಗಿ ದವಡೆ ಹಲ್ಲಿನ ಕಡೆಗೆ ಹೊರಟಿತು. ಲೊಚ್. ಎಲ್ಲರ ಕೈಗಳೂ ನೆಲ ತಟ್ಟಿದವು. ಮಾಸ್ತರು ಗೋಡೆಯ ಕಡೆ ತಿರುಗಿ ಕೈಮುಗಿದರು.

ಆರು ವರ್ಷ ಚೆನ್ನಾಗಿಯೇ ಇದ್ದೆವು. ಆದರೆ ನನ್ನೊಳಗೆ ಒಂದು ಹುಳ ಹೊಕ್ಕಿತ್ತು. ಸುಳ್ಳು ಲೊಚ್ ಹಾಕಿದೆನೆಂಬುದಲ್ಲ ಆ ಹುಳ. ಅಂದು ನಾನು ಕಾಯಲಿಲ್ಲ. ಕಾದಿದ್ದರೆ ಹಲ್ಲಿ ಬಂದು, ನನ್ನ ಮಾತು ಕೇಳಿ, ಏನೂ ಹೇಳದೆ ಹೊರಟುಹೋಗುತ್ತಿತ್ತೋ ಏನೋ.

ಮತ್ತೆಂದೂ ಆ ಕೆಲಸಕ್ಕೆ ಕೈಹಾಕುವುದಿಲ್ಲವೆಂದು, ಅಂದರೆ ನಾಲಿಗೆ ಹಾಕುವುದಿಲ್ಲವೆಂದು, ಶಪಥ ಮಾಡಿದ್ದೆ. ಆಗ ಪುರಸಭೆಯವರು ಊರಿನ ಹಳೆಯ ಟ್ಯೂಬ್‌ಲೈಟು, ಹಳದಿ ಬಲ್ಬುಗಳನ್ನೆಲ್ಲ ಕಿತ್ತು ಎಲ್‌ಇಡಿ ಹಾಕಿಸಿದರು. ಬೆಳಕು ಜೋರಾಯಿತು, ಹುಳ ಕಡಿಮೆಯಾಯಿತು. ಹುಳ ಹೋದಲ್ಲಿಗೆ ಹಲ್ಲಿಗಳೂ ಹೋದವು. ಕಚೇರಿಯಲ್ಲಿ ಜನ ಸಾಲಾಗಿ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂತಿರುತ್ತಿದ್ದರು, ಹಲ್ಲುನೋವಿನ ಡಾಕ್ಟರ ಬಾಗಿಲಲ್ಲಿ ಕೂತವರಂತೆ. ಮೊದಲ ಸ್ಥಾನದಲ್ಲಿ ಕೆಳಗೇರಿಯ ಸಾಕಮ್ಮಜ್ಜಿ. ವೃದ್ಧಾಪ್ಯ ವೇತನಕ್ಕೆ ಅವಳು "ನಾನು ಬದುಕಿದ್ದೀನಿ" ಎಂದು ಹೇಳಿ ನಿಜ ಮಾಡಿಸಿಕೊಳ್ಳಬೇಕಿತ್ತು. ಹನ್ನೊಂದು ಸಂಜೆ ಬಂದಳು. ಹನ್ನೊಂದನೆಯ ಸಂಜೆ "ನಾನು ಬದುಕಿದ್ದೀನಿ" ಎಂದು ಹೇಳುವಷ್ಟರಲ್ಲಿ ಅವಳಿಗೆ ಎಷ್ಟು ಕೆಮ್ಮು ಬಂತೆಂದರೆ, ಇನ್ನು ಎರಡು ದಿನ ಬಿಟ್ಟರೆ ಮಾತು ನಿಜವಾಗಿಯೂ ಸುಳ್ಳಾಗುವಂತಿತ್ತು. ನಾನು ಪುಸ್ತಕದ ಮೇಲೆ ಬಗ್ಗಿ, ಲೊಚ್ ಎಂದೆ.

"ಅಪ್ಪಾ, ಬದುಕ್ದೆ," ಎಂದು ಅಜ್ಜಿ ಬೆಂಚು ತಟ್ಟಿ ಎದ್ದಳು.

ಹೆಡ್ ಗುಮಾಸ್ತರು ಪುಟ್ಟಮಾದಯ್ಯನವರು ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. "ಚನ್ನವೀರಾ, ಈ ಹಲ್ಲಿ ಒಳ್ಳೇದು ಕಣಯ್ಯ. ಜನದ ಕಷ್ಟ ಅರ್ಥ ಮಾಡ್ಕೊಳುತ್ತೆ," ಎಂದಷ್ಟೇ ಹೇಳಿ ಮೂಗಿಗೆ ನಶ್ಯ ಏರಿಸಿದರು. ಆಮೇಲೆ ಬೆಂಚು ಸರಾಗವಾಗಿ ಖಾಲಿಯಾಗತೊಡಗಿತು.

ಇಂಥ ಹೊತ್ತಿನಲ್ಲಿ ಊರಿಗೆ ಬಂದವರು ಡಾಕ್ಟರ್ ಕುಮುದ್ವತಿ. ಹಲ್ಲಿಗಳು ಯಾಕೆ ಕಡಿಮೆಯಾದವೆಂದು ತಿಳಿಯಲು ಪುರಸಭೆಯೇ ಬರೆದು ಕರೆಸಿಕೊಂಡ ಪರಿಸರ ವಿಜ್ಞಾನಿ. ಪೇಟೆಯೊಳಗಿನ ಪ್ರಾಣಿ ಯಾವುದು, ಅದು ತಿನ್ನುವ ಹುಳ ಯಾವುದು, ಯಾವುದು ಯಾವುದರ ಹಿಂದೆ ಬರುತ್ತದೆ ಎಂಬುದು ಅವರ ಸಂಶೋಧನೆ. ದೀಪದ ಕಂಬಗಳಿಗೆ ಬಿಳಿ ಪಂಚೆ ಕಟ್ಟಿ, ಅದರ ಮೇಲೆ ಕೂತ ಹುಳಗಳನ್ನು ಎಣಿಸುತ್ತಿದ್ದರು. ಜನ "ಹುಳದ ಮೇಡಂ" ಎಂದು ಹೆಸರಿಟ್ಟರು. ಗುರುತಿಗಾಗಿ ಹಲ್ಲಿಗಳ ಬಾಲಕ್ಕೆ ಉಗುರುಬಣ್ಣದ ಚುಕ್ಕೆ ಇಡಲು ಹೊರಟಾಗ ಮಾತ್ರ ಸ್ವಲ್ಪ ಗಲಾಟೆಯಾಯಿತು. ಸಾಕ್ಷಿಗಳಿಗೆ ಬಣ್ಣ ಬಳಿಯುವುದು ಸರಿಯೇ? ಕೊನೆಗೆ, ಬಣ್ಣ ಇಡಬಹುದು ಆದರೆ ಯಾವ ಪಕ್ಷದ ಬಣ್ಣವೂ ಆಗಿರಬಾರದು ಎಂದು ಠರಾವಾಯಿತು. ಹಾಗಾಗಿ ನಮ್ಮ ಹಲ್ಲಿಗಳೆಲ್ಲ ಬದನೆಕಾಯಿ ಬಣ್ಣ.

ಮೂರು ತಿಂಗಳಾದ ಮೇಲೆ ಮೇಡಂ ಒಂದು ಸಂಜೆ ನನ್ನ ಮೇಜಿನ ಹತ್ತಿರ ಬಂದರು. ಕುತ್ತಿಗೆಯಲ್ಲಿ ಹೆಡ್‌ಫೋನು, ಕಣ್ಣಲ್ಲಿ ಜ್ವರ ಬಂದವರ ಹೊಳಪು. "ಚನ್ನವೀರ ಅವರೇ, ಒಂದೊಂದು ಹಲ್ಲಿಗೂ ಒಂದೊಂದು ದನಿ ಇರುತ್ತೆ. ನಾನು ಎಲ್ಲಾನೂ ರೆಕಾರ್ಡ್ ಮಾಡಿದ್ದೀನಿ. ಈ ಬೀದೀಲಿ ಹಲ್ಲಿ ಇರೋದು ನಲವತ್ತು. ದನಿ ಇರೋದು ನಲವತ್ತೊಂದು!"

"ಹೌದಾ ಮೇಡಂ?" ಎಂದೆ. ನನ್ನ ದನಿ ಆಗ ಯಾರ ಮಿಮಿಕ್ರಿಯೂ ಆಗಿರಲಿಲ್ಲ, ಬರೀ ಒಣಗಿತ್ತು.

"ಈ ನಲವತ್ತೊಂದನೇದು ವಿಚಿತ್ರ. ಹುಳ ಇರಲಿ ಬಿಡಲಿ ಕೂಗುತ್ತೆ. ಜನ ಮಾತು ಮುಗಿಸೋವರೆಗೂ ಮರ್ಯಾದೆಯಿಂದ ಕಾಯುತ್ತೆ. ಗೋಡೆ ಹತ್ತೋದೇ ಇಲ್ಲ. ಯಾವಾಗ್ಲೂ ನೆಲದಿಂದ ಮೂರೂವರೆ ಅಡಿ ಎತ್ತರದಿಂದಲೇ ದನಿ. ಭಾನುವಾರ ಇಲ್ಲ, ಎರಡನೇ ಶನಿವಾರ ಇಲ್ಲ. ಇದು ಹೊಸ ಜಾತಿ ಅನ್ಸುತ್ತೆ. ನಿಮ್ಮ ವೇಳೆ ಪುಸ್ತಕ ಕೊಟ್ಟು ಸಹಾಯ ಮಾಡ್ತೀರಾ?"

ಮಾಡಿದೆ. ಮಾಡದೆ ಏನು ಮಾಡಲಿ? ನನ್ನನ್ನು ನಾನೇ ಹುಡುಕಲು ಹೊರಟೆ. ಮೇಡಂ ನನ್ನ ಮೇಜಿನ ಕೆಳಗೆ ತೆವಳಿದರು, ನಾನು ಟಾರ್ಚು ಹಿಡಿದೆ. ಖಾನೆಗಳನ್ನೆಲ್ಲ ತೆಗೆದು ನೋಡಿದರು. ಕೊನೆಗೆ ಆ ದನಿಯನ್ನೇ ಸ್ಪೀಕರಿನಲ್ಲಿ ಹಾಕಿದರೆ ಅದು ಉತ್ತರ ಕೊಡಬಹುದೆಂದು ಹಾಕಿದರು. ನನ್ನ ಲೊಚ್ ನನಗೇ ಕೇಳಿದಾಗ ನಾಲಿಗೆ ಜಾರಿ ಉತ್ತರ ಕೊಡುವುದರಲ್ಲಿತ್ತು. ಪೆನ್ನಿನ ಮುಚ್ಚಳ ಕಚ್ಚಿಕೊಂಡೆ. ಆದರೆ ಬದನೆಕಾಯಿ ಬಾಲದ ಮೂರು ಹೆಣ್ಣು ಹಲ್ಲಿಗಳು ಎಲ್ಲಿಂದಲೋ ಬಂದು ಸ್ಪೀಕರಿನ ಸುತ್ತ ಕೂತವು. ಮನೆಗೆ ಹೋಗಿ ಇದನ್ನು ಶಾಂಭವಿಗೆ ಹೇಳಿದೆ, ಹೇಳಬೇಕಾದದ್ದನ್ನು ಬಿಟ್ಟು. ಅವಳು ಸೊಪ್ಪು ಬಿಡಿಸುತ್ತಾ, "ಮೂರು ಹೆಣ್ಣಾ? ಆ ಹಲ್ಲಿಗೆ ಮದ್ವೆ ಆಗಿದ್ಯೋ ಇಲ್ವೋ ವಿಚಾರಿಸ್ಬೇಕಿತ್ತು ನಿಮ್ಮ ಮೇಡಂ," ಎಂದಳು. ನಾನು ಅವಳ ಮುಖ ನೋಡಿದೆ. ಅವಳು ಸೊಪ್ಪು ನೋಡುತ್ತಿದ್ದಳು.

ಕೆಟ್ಟದ್ದು ಬಂದದ್ದು ಮಾವನ ಮನೆಯಿಂದ. ಹಳೆಯ ಲೊಚ್‌ಗಳ ರೆಕಾರ್ಡು ಯಾರಲ್ಲಾದರೂ ಇದೆಯೇ ಎಂದು ಮೇಡಂ ಊರೆಲ್ಲ ಕೇಳಿದಾಗ, ರುದ್ರಯ್ಯ ಮಾಸ್ತರು ಮಗಳ ನಿಶ್ಚಿತಾರ್ಥದ ಕ್ಯಾಸೆಟ್ಟನ್ನು ಶಲ್ಯದಲ್ಲಿ ಸುತ್ತಿ ತಂದುಕೊಟ್ಟರು. ಮೇಡಂ ಕೇಳಿದರು. ಇನ್ನೊಮ್ಮೆ ಕೇಳಿದರು. ಹೆಡ್‌ಫೋನು ಕಿತ್ತೆಸೆದು ಮಾಸ್ತರ ಕೈ ಹಿಡಿದು ಕುಲುಕಿದರು. ನಲವತ್ತೊಂದು! ಆರು ವರ್ಷದ ಹಿಂದೆ, ಕಚೇರಿಯಿಂದ ಎರಡು ಮೈಲಿ ದೂರದಲ್ಲಿ! ಈ ಜಾತಿಯ ಮೂಲನೆಲೆಯೇ ಮಾಸ್ತರ ಪಡಸಾಲೆ! ಹೊಸ ಹಲ್ಲಿಗೆ ಮಾಸ್ತರ ಹೆಸರನ್ನೇ ಇಡುವುದೆಂದು ಅಲ್ಲೇ ತೀರ್ಮಾನವಾಯಿತು. ನಮ್ಮ ಮಾವ ಅಂದು ಜೀವನದಲ್ಲಿ ಮೊದಲ ಸಲ ಪಡಸಾಲೆಯಲ್ಲಿ ಎರಡನೆಯ ಬಲ್ಬು ಹಚ್ಚಿದರು. ಮರುದಿನ ನಮ್ಮ ಮನೆಗೆ ಬಂದು, "ಅಳಿಯಂದಿರೇ, ನಿಮ್ಮ ಮಾತಿಗೆ ಒಪ್ಪಿಗೆ ಕೊಟ್ಟ ಹಲ್ಲಿ ಸಾಮಾನ್ಯದ್ದಲ್ಲ, ಪ್ರಪಂಚದಲ್ಲೇ ಇಲ್ಲದ್ದು!" ಎಂದರು. ಅದಂತೂ ಸತ್ಯ.

ಪುರಭವನದಲ್ಲಿ ಸಭೆ ಕರೆದರು. ಸಂಜೆ ಏಳು ಗಂಟೆಗೆ ಊರಿಗೆ ಊರೇ ಸೇರಿತ್ತು. ಮೇಡಂ ಮೊದಲು ತಮ್ಮ ಸಂಶೋಧನೆ ಓದಿದರು. ಹಲ್ಲಿ ಕೂಗುವುದು ಮಾತು ಕೇಳಿ ಅಲ್ಲ. ಒಂದು ದೀಪದ ಹುಳಕ್ಕೆ ಎರಡು ಹಲ್ಲಿ ಬಂದಾಗ, ಇದು ನನ್ನ ಜಾಗ ಎಂದು ಕೂಗುತ್ತವೆ. ಹುಳ ಹೆಚ್ಚಿದ್ದಲ್ಲಿ ಹಲ್ಲಿ ಹೆಚ್ಚು, ಹಲ್ಲಿ ಹೆಚ್ಚಿದ್ದಲ್ಲಿ ಜಗಳ ಹೆಚ್ಚು, ಜಗಳ ಹೆಚ್ಚಿದ್ದಲ್ಲಿ ಲೊಚ್ ಹೆಚ್ಚು. ಇದನ್ನು ಕೇಳಿ ಊರು ತಲೆಕೆಳಗಾಗುತ್ತದೆಂದು ಅವರು ಹೆದರಿ ನೀರು ಕುಡಿದರು. ಹಿಂದಿನ ಸಾಲಿನಿಂದ ಒಬ್ಬ ಎದ್ದು, "ಅದು ಗೊತ್ತು ಮೇಡಂ, ಮುಂದೆ ಹೇಳಿ," ಎಂದ. ಗೊತ್ತಿಲ್ಲದಿದ್ದರೆ ಮೋರಿಯ ಪಕ್ಕ ಯಾಕೆ ಭಾಷಣ ಮಾಡುತ್ತಿದ್ದರು?

ಮೇಡಂ ಸುಧಾರಿಸಿಕೊಂಡು ಕೊನೆಯ ಹಾಳೆ ತೆಗೆದರು. "ನಲವತ್ತೊಂದನೆಯ ದನಿ ಒಂದು ಹೊಸ ಜಾತಿಯ ಹಲ್ಲಿಯದು," ಎಂದರು.

ಸಭೆ ಸುಮ್ಮನಾಯಿತು. ಲೊಚ್ ಆಗಬೇಕಲ್ಲ. ಪುರಭವನದಲ್ಲೂ ಎಲ್‌ಇಡಿ, ಗೋಡೆಗಳು ಹಾಲಿನಂತೆ ಖಾಲಿ. ಮೊದಲ ಸಾಲಿನಲ್ಲಿ ಮಾವ ಕತ್ತೆತ್ತಿ ಮೂಲೆ ಮೂಲೆ ಹುಡುಕುತ್ತಿದ್ದರು, ತಮ್ಮ ಹೆಸರಿನ ಪ್ರಾಣಿ ಈಗ ಬಂದೀತು, ಆಗ ಬಂದೀತು ಎಂದು. ಅವರ ಪಕ್ಕದಲ್ಲಿ ಶಾಂಭವಿ. ಪುಟ್ಟಮಾದಯ್ಯನವರು ನನ್ನ ಕಡೆ ತಿರುಗಿ ಒಂದು ಹುಬ್ಬು ಮೇಲೆತ್ತಿದರು: ಹಾಕಯ್ಯ, ಒಂದು ಹಾಕು, ಎಲ್ಲಾ ಸುಸೂತ್ರ. ಒಂದೇ ಒಂದು ಲೊಚ್. ಮೇಡಂಗೆ ಹೆಸರು, ಮಾವನಿಗೆ ಹಲ್ಲಿ, ನನಗೆ ಸಂಸಾರ. ಆದರೆ ಮೇಡಂ ಆ ಹಾಳೆಯನ್ನು ದೊಡ್ಡ ದೊಡ್ಡವರಿಗೆ ಕಳಿಸುತ್ತಾರೆ, ಅವರು ಬಂದು ಹುಡುಕುತ್ತಾರೆ, ಒಂದು ದಿನ ಯಾರೋ ನನ್ನ ಬಾಯೊಳಗೇ ಟಾರ್ಚು ಬಿಡುತ್ತಾರೆ, ಊರೆಲ್ಲ ಮೇಡಂ ಅವರನ್ನು ನೋಡಿ ನಗುತ್ತದೆ. ನಾಲಿಗೆ ದವಡೆ ಹಲ್ಲಿನವರೆಗೆ ಹೋಯಿತು. ಅಲ್ಲೇ ನಿಂತಿತು. ನಾನು ಎದ್ದು ನಿಂತೆ.

"ಆ ನಲವತ್ತೊಂದನೇ ಹಲ್ಲಿ ನಾನೇ," ಎಂದೆ. "ಮೊದಲನೇ ಸಲ ಹಾಕಿದ್ದು ನನ್ನ ನಿಶ್ಚಿತಾರ್ಥದಲ್ಲಿ."

ಯಾರೂ ಏನೂ ಅನ್ನಲಿಲ್ಲ. ಅನ್ನುವಂತಿರಲಿಲ್ಲ. ಈಗ ನನ್ನ ಮಾತಿಗೆ ಲೊಚ್ ಆಗಬೇಕು, ಅಲ್ಲಿಯವರೆಗೆ ಅದು ಗಾಳಿ. ಇಡೀ ಸಭೆ ಬಾಯಿ ಮುಚ್ಚಿ ಗೋಡೆ ನೋಡುತ್ತಾ ಕೂತಿತು. ಎರಡು ನಿಮಿಷ, ಐದು ನಿಮಿಷ, ಹತ್ತು. ತಪ್ಪೊಪ್ಪಿಕೊಂಡವನನ್ನು ಬೈಯಲೂ ಸಾಕ್ಷಿ ಬೇಕಾದ ಊರು ನಮ್ಮದು. ನನಗೆ ಬೇರೆ ದಾರಿ ಕಾಣಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಕೆನ್ನೆ ಒಳಗೆಳೆದು ಬಿಟ್ಟೆ. ಲೊಚ್.

ಮುನ್ನೂರು ಕೈಗಳು ಅಭ್ಯಾಸಬಲದಿಂದ ಕುರ್ಚಿ ತಟ್ಟಿದವು: ಟಕ್, ಟಕ್, ಟಕ್. ಆಮೇಲೆ ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು.

"ಏಳು ಗಂಟೆ ನಲವತ್ತೆರಡು ನಿಮಿಷ," ಎಂದು ಪುಟ್ಟಮಾದಯ್ಯನವರು ಬರೆದುಕೊಂಡು, "ಗೋಡೆ ಯಾವ್ದು ಅಂತ ಹಾಕ್ಲಯ್ಯಾ?" ಎಂದು ಕೇಳಿದರು.

ಆಗ ಹುಯ್ಯಲೆದ್ದಿತು. ಲೊಚ್ ಸುಳ್ಳಾದರೆ ಅವನು ಹಲ್ಲಿ ಎಂಬ ಮಾತು ನಿಜವಾಗಿಲ್ಲ. ಮಾತು ನಿಜವಾಗದಿದ್ದರೆ ಲೊಚ್ ಅವನದಲ್ಲ. ಅವನದಲ್ಲದಿದ್ದರೆ ಲೊಚ್ ನಿಜ. ಲೊಚ್ ನಿಜವಾದರೆ ಅವನು ಹಲ್ಲಿ. ಒಬ್ಬ ವಕೀಲರು ಇದನ್ನು ಬೆರಳಿನಲ್ಲಿ ಎಣಿಸುತ್ತಾ ಹೋಗಿ ಬೆರಳು ಸಾಲದೆ ಪಕ್ಕದವರದನ್ನು ಹಿಡಿದುಕೊಂಡರು. ಪುಟ್ಟಮಾದಯ್ಯನವರೇ ಬಗೆಹರಿಸಿದರು: "ಸುಳ್ಳು ಲೊಚ್ ಹಾಕ್ತೀನಿ ಅಂದ, ಸುಳ್ಳು ಲೊಚ್ ಹಾಕ್ದ. ಇದಕ್ಕಿಂತ ನಿಜ ಇನ್ನೆಲ್ಲಿ ತರೋದ್ರಿ?" ನಾನು ಲೊಚ್ ಹಾಕಿದ ಮಾತುಗಳೆಲ್ಲ ರದ್ದಲ್ಲ, ಆದರೆ ಬಾಕಿ, ನಿಜವಾದ ಹಲ್ಲಿಯ ಮುಂದೆ ಮತ್ತೆ ಹೇಳಿಸಬೇಕು ಎಂದು ತೀರ್ಪಾಯಿತು. ಸಾಕಮ್ಮಜ್ಜಿ ಕೋಲೂರಿ ಎದ್ದಳು. "ಹಂಗಾರೆ ನಾನು ಸತ್ತಿದ್ದೀನಾ?" "ಇಲ್ಲಮ್ಮ, ಸದ್ಯಕ್ಕೆ ಬಾಕಿ ಇದ್ದೀಯ," ಎಂದರು ಪುಟ್ಟಮಾದಯ್ಯನವರು. "ಬಾಕಿ ಇದ್ದೀನಿ ಅಂದ್ರೆ ಬದುಕಿದ್ದೀನಿ ಅಂತ್ಲೇ ಅಲ್ವಾ," ಎಂದು ಅಜ್ಜಿ ಮತ್ತೆ ಕೂತಳು.

ಮಾವ ಕೂರಲಿಲ್ಲ. ಒಂದೇ ಸಂಜೆ ಅವರಿಂದ ಒಂದು ಹಲ್ಲಿಯೂ ಒಬ್ಬ ಅಳಿಯನೂ ಕೈಬಿಟ್ಟು ಹೋಗಿದ್ದರು, ಎರಡೂ ಒಂದೇ ಎಂಬುದು ಸಮಾಧಾನದ ವಿಷಯವಾಗಿರಲಿಲ್ಲ. "ನಿನ್ನ ಮಾತು ನಿಜ ಆಗೋವರೆಗೂ ನನ್ನ ಮಗಳು ನನ್ನ ಮನೇಲಿರ್ತಾಳೆ. ಅದೇ ಪಡಸಾಲೆ, ಅದೇ ಗೋಡೆ. ಬಂದು ಹೇಳು," ಎಂದು ಶಾಂಭವಿಯ ಕೈ ಹಿಡಿದು ನಡೆದರು. ಅವಳು ಬಾಗಿಲಲ್ಲಿ ಒಮ್ಮೆ ತಿರುಗಿ ನೋಡಿದಳು. ಆ ಮುಖದಲ್ಲಿ ಸಿಟ್ಟಿತ್ತೋ ಏನಿತ್ತೋ, ಎಷ್ಟು ಜನರ ಮುಖ ಅನುಕರಣೆ ಮಾಡಿದ ನನಗೂ ತಿಳಿಯಲಿಲ್ಲ.

ಮೇಡಂ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದರು. ಕ್ಷಮೆ ಕೇಳಿದೆ. ಅವರು ನನ್ನ ಕೆನ್ನೆಯನ್ನೇ ನೋಡಿ, "ನಿಮ್ಮ ದವಡೆ ಹಲ್ಲಿನ ಫೋಟೋ ತೆಗೀಬಹುದಾ?" ಎಂದರು. ಈಗ ಅವರ ವರದಿಯ ಕೊನೆಯ ಪಟ್ಟಿಯಲ್ಲಿ ನಾನೂ ಇದ್ದೇನೆ. ಪ್ರಾಣಿ: ಗುಮಾಸ್ತ. ಆಹಾರ: ಉಪ್ಪಿಟ್ಟು. ಹುಳಗಳೊಂದಿಗೆ ಸಂಬಂಧ: ಇಲ್ಲ. ಲೊಚ್‌ಗೆ ಕಾರಣ: ಕನಿಕರ, ಕೆಲವೊಮ್ಮೆ ಭಯ.

"ಮಾವನ ಮನೇಲಿ ಹಲ್ಲಿನೇ ಇಲ್ವಲ್ಲ ಮೇಡಂ, ಏನ್ ಮಾಡ್ಲಿ?" ಎಂದೆ.

"ಹಲ್ಲಿ ಕರೀಬೇಡಿ, ಹುಳ ಕರೀರಿ. ಹಳದಿ ಬಲ್ಬು ಹಾಕಿ. ಕಿಟಕಿ ಹತ್ರ ಸಂಜೆಮಲ್ಲಿಗೆ ಕುಂಡ ಇಡಿ, ಪತಂಗ ಬರುತ್ತೆ. ಪತಂಗದ ಹಿಂದೆ ಒಂದು ಹಲ್ಲಿ ಬರುತ್ತೆ, ಅದು ಸುಮ್ನೆ ತಿನ್ನುತ್ತೆ. ಎರಡನೇದು ಬಂದಾಗ ಲೊಚ್."

"ಹಾಗಾದ್ರೆ ಅದಕ್ಕೂ ನಿಜಕ್ಕೂ ಸಂಬಂಧಾನೇ ಇಲ್ವಾ?"

"ನಾನು ಹುಳ ಎಣಿಸೋಳು ಚನ್ನವೀರ ಅವರೇ. ನಿಜ ಎಣಿಸೋ ಪಂಚೆ ನನ್ನ ಹತ್ರ ಇಲ್ಲ."

ಮರುಸಂಜೆ ಅರವತ್ತು ಕ್ಯಾಂಡಲ್‌ನ ಬಲ್ಬು, ಒಂದು ಸಂಜೆಮಲ್ಲಿಗೆಯ ಕುಂಡ ಹೊತ್ತು ಮಾವನ ಮನೆಗೆ ಹೋದೆ. ಬಲ್ಬು ನೋಡಿ ಅವರ ಮುಖ ಬಾಡಿತು, ಆದರೆ ಮಗಳ ಬಾಳಿನ ಪ್ರಶ್ನೆ. ಮಾವ ಆರಾಮಕುರ್ಚಿಯಲ್ಲಿ, ಶಾಂಭವಿ ಎದುರಿನ ಮಣೆಯ ಮೇಲೆ, ನಾನು ಕಂಬಕ್ಕೆ ಒರಗಿ. "ಶಾಂಭವಿ ಜೊತೆಗಿದ್ದರೆ ನನಗೆ ಬೇರೇನೂ ಬೇಡ." ಹೇಳಿ ಒಂದೂವರೆ ಗಂಟೆ ಬಾಯಿ ಮುಚ್ಚಿ ಕೂತೆ. ನಾಲ್ಕು ಸೊಳ್ಳೆ ಬಂದವು, ಮೂರು ನನ್ನನ್ನೇ ಕಚ್ಚಿದವು. ಮಾವ ಬಲ್ಬು ಆರಿಸಿದರು, ಎದ್ದು ಬಂದೆ. ಮೂರನೆಯ ಸಂಜೆ ಒಂದು ಬೂದು ಪತಂಗ. ಆರನೆಯ ಸಂಜೆ ಒಂದು ಹಲ್ಲಿ, ಯಾವುದೋ ಮನೆಯಿಂದ ಗುಳೆ ಬಂದದ್ದು, ಬಾಲದಲ್ಲಿ ಬದನೆಕಾಯಿ ಚುಕ್ಕೆ. ಪತಂಗ ತಿಂದು ತುಟಿ ನೆಕ್ಕಿ ಹೋಯಿತು.

ಪ್ರತಿ ಸಂಜೆ ಅದೇ ಮಾತು ಹೇಳಿ ಅವಳ ಎದುರಿಗೆ ಮಾತಿಲ್ಲದೆ ಕೂರುವುದು ವಿಚಿತ್ರವಾಗಿತ್ತು. ಮನೆಯಲ್ಲಿ ಆರು ವರ್ಷ ನಾನು ಅವಳನ್ನು ನಗಿಸುತ್ತಲೇ ಇದ್ದೆ, ಒಮ್ಮೆ ಕೆಮ್ಮಾಗಿ, ಒಮ್ಮೆ ಕುಕ್ಕರಾಗಿ. ಸುಮ್ಮನೆ ಕೂತು ನೋಡಿರಲಿಲ್ಲ. ಕಾಯುವಾಗ ಅವಳು ಎಡಗಾಲಿನ ಹೆಬ್ಬೆರಳನ್ನು ಬಲಗಾಲಿನ ಮೇಲೆ ಇಟ್ಟುಕೊಳ್ಳುತ್ತಾಳೆ. ಪತಂಗ ಬಲ್ಬಿಗೆ ಬಡಿದಾಗಲೆಲ್ಲ ಅವಳ ರೆಪ್ಪೆ ತಾನೇ ಬಡಿದುಕೊಂಡಂತೆ ಮುಚ್ಚುತ್ತದೆ. ಮೊದಲ ದಿನ ನಾನು ಬಾಯಿಪಾಠ ಒಪ್ಪಿಸಿದ್ದೆ. ಎಂಟನೆಯ ದಿನ ಆ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಮತ್ತೆ ಮೊದಲಿನಿಂದ ಹೇಳಿದೆ. ಇದು ನಿಜವಾಗದೆ ಹೋದರೆ ಎಂದು ಮೊದಲ ಸಲ ಹೆದರಿದೆ.

ಒಂಬತ್ತನೆಯ ಸಂಜೆ ಮಾತು ಹೇಳಿ ಕೂತೆ. ಬಲ್ಬಿನ ಪಕ್ಕದ ಗೋಡೆಯ ಮೇಲೆ ಅಂಗೈಯಗಲದ ಪತಂಗವೊಂದು ಕೂತಿತ್ತು. ಎಡಗಡೆಯಿಂದ ಚುಕ್ಕೆ ಬಾಲದ್ದು ಬಂತು. ಆಮೇಲೆ, ಕಿಟಕಿಯ ಮೇಲಿಂದ, ಮೊಂಡು ಬಾಲದ ಎರಡನೆಯದು. ಮಾವ ಕುರ್ಚಿಯಲ್ಲಿ ನೆಟ್ಟಗಾದರು. ನಾನು ಉಸಿರು ಬಿಗಿಹಿಡಿದೆ. ಎರಡೂ ಹಲ್ಲಿಗಳು ಪತಂಗದ ಆಚೆ ಈಚೆ ನಿಂತು ಕತ್ತೆತ್ತಿದವು. ಗಂಟಲು ಉಬ್ಬಿತು. ಆಗ ಶಾಂಭವಿ ಬಾಯಿ ತೆರೆದಳು.

"ಅವತ್ತು ಇವರ ಕೆನ್ನೆ ಒಳಗೆ ಹೋಗಿದ್ದು ನಾನು ನೋಡಿದ್ದೆ ಅಪ್ಪಾ. ಇವರೇ ಹಲ್ಲಿ ಅಂತ ಗೊತ್ತಿದ್ದೇ ನಾನು ಒಪ್ಪಿದ್ದು."

ಲೊಚ್. ಲೊಚ್. ಎರಡೂ ಹಲ್ಲಿಗಳು ಒಟ್ಟಿಗೆ. ಮಾವನ ಕೈ ಕುರ್ಚಿಯ ಹಿಡಿಯನ್ನು ಮೂರು ಸಲ ತಟ್ಟಿಬಿಟ್ಟಿತು. ಆಮೇಲೆ ಅವರು ಹೌಹಾರಿದರು. "ಅಯ್ಯೋ, ಏನೇ ಮಾಡ್ಕೊಂಡೆ! ಮಧ್ಯದಲ್ಲಿ ಮಾತಾಡ್ದೆಯಲ್ಲೇ! ಲೊಚ್ ನಿನ್ನ ಮಾತಿಗೆ ಹೋಯ್ತು, ಅವನದು ಹಂಗೇ ಬಾಕಿ ಉಳೀತು!"

"ಉಳೀಲಿ ಬಿಡಿ," ಎಂದು ಅವಳು ಎದ್ದು ಸೆರಗು ಕೊಡವಿದಳು. "ಬಾಕಿ ಇರೋದನ್ನ ಮನೇಲಿ ಹೇಳ್ತಾರೆ."

"ನಿಜ ಆಗ್ದೇ ಕಳ್ಸಲ್ಲ ಅಂತ ನಾನು ಊರ ಮುಂದೆ ಹೇಳಿದ್ದೀನಿ."

"ನಾನು ಗೊತ್ತಿದ್ದೇ ಒಪ್ಪಿದ್ದು ಅನ್ನೋದು ನಿಜ ಆಯ್ತಲ್ಲಪ್ಪಾ. ಈಗ ನೀವೇ ತಟ್ಟಿದ್ರಿ." ನನ್ನ ಕಡೆ ತಿರುಗಿ, "ಏನ್ರೀ, ಕುಂಡ ಎತ್ಕೊಳ್ಳಿ. ಬಲ್ಬ್ ಬಿಚ್ಕೊಳ್ಳಿ," ಎಂದಳು. ಬಲ್ಬು ಬಿಚ್ಚುವಾಗ ಮಾವನ ಮುಖದಲ್ಲಿ ಸ್ವಲ್ಪ ನೆಮ್ಮದಿ ಕಂಡಿತು.

ಆ ಬಲ್ಬು ಈಗ ನಮ್ಮ ನಡುಮನೆಯಲ್ಲಿ, ಯಾರೋ ಗೊತ್ತಿಲ್ಲದ ಅಜ್ಜನ ಫೋಟೋದ ಪಕ್ಕದಲ್ಲಿದೆ. ಸಂಜೆಮಲ್ಲಿಗೆ ಕಿಟಕಿಯಲ್ಲಿ ಹರಡಿದೆ. ಪತಂಗಗಳು ಬರುತ್ತವೆ, ಅಜ್ಜನ ಹಿಂದಿನಿಂದ ಮೂರು ಹಲ್ಲಿಗಳು ಹೊರಡುತ್ತವೆ. ಮೇಡಂ ಹೇಳಿಕೆಯಂತೆ ಪುರಸಭೆಯೂ ಕಚೇರಿಗೆ, ಕೆಳಗೇರಿಗೆ ಹಳೆಯ ಬಲ್ಬು ವಾಪಸು ಹಾಕಿಸಿದೆ. ಸಾಕಮ್ಮಜ್ಜಿ ಎರಡೇ ದಿನಕ್ಕೆ ಬದುಕಿದಳು. ಬಾಕಿಯ ಪಟ್ಟಿಯಲ್ಲಿ ಉಳಿದಿರುವುದು ನನ್ನದೊಂದೇ ಮಾತು. ಪುಟ್ಟಮಾದಯ್ಯನವರು ವಾರಕ್ಕೊಮ್ಮೆ, "ಇನ್ನೂ ಆಗಿಲ್ವೇನಯ್ಯಾ?" ಎಂದು ಕೇಳುತ್ತಾರೆ. ಆಗಿಲ್ಲ. ದಿನಾ ಸಂಜೆ ನಾನು ಹೇಳುತ್ತೇನೆ, ಇಬ್ಬರೂ ಸುಮ್ಮನೆ ಕೂರುತ್ತೇವೆ, ಎರಡು ಹಲ್ಲಿಗಳು ಒಂದು ಹುಳದ ಆಚೆ ಈಚೆ ನಿಲ್ಲುತ್ತವೆ, ಕತ್ತೆತ್ತುತ್ತವೆ, ಗಂಟಲು ಉಬ್ಬುತ್ತದೆ. ಸರಿಯಾಗಿ ಆಗ ಶಾಂಭವಿ ಕೈ ಚಾಚಿ ಸ್ವಿಚ್ಚು ಆರಿಸಿಬಿಡುತ್ತಾಳೆ.

"ಇವತ್ತಿಗೆ ಸಾಕು. ನಾಳೆ ಹೇಳಿ," ಎನ್ನುತ್ತಾಳೆ.

ಕತ್ತಲಲ್ಲಿ ನನ್ನ ನಾಲಿಗೆ ಹಳೆಯ ಅಭ್ಯಾಸದಿಂದ ದವಡೆ ಹಲ್ಲಿನ ಕಡೆಗೆ ಹೊರಡುತ್ತದೆ. ನಾನು ಅದನ್ನು ಅರ್ಧದಾರಿಯಿಂದ ವಾಪಸು ಕರೆಯುತ್ತೇನೆ. ಅಷ್ಟರಲ್ಲಿ ಅವಳ ಬೆರಳುಗಳು ಹುಡುಕಿಕೊಂಡು ಬಂದು ನನ್ನ ಬಲಗೆನ್ನೆ ಮುಟ್ಟಿ ನೋಡುತ್ತವೆ, ಒಳಗೆ ಹೋಗಿದೆಯೋ ಇಲ್ಲವೋ ಎಂದು.